ಗೆರೆಯ ಹೊರಗೆ

ಗೆರೆಯೊಳಗೆ ಆಡಿದವನಿಗೆ ಗೆರೆಯ ಹೊರಗೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ನಾನು ಮೊನ್ನೆ ಚಿಕ್ಕೋಡಿಯ ಮೈದಾನದಲ್ಲಿ ಕಲಿತೆ. ವೃತ್ತಿಯಿಂದ ನಾನು ಕನ್ನಡದ ಅಧ್ಯಾಪಕ. ಆದರೂ ಹಿಂದೊಮ್ಮೆ ಕಬಡ್ಡಿಯಲ್ಲಿ ನಮ್ಮ ಕಾಲೇಜಿನ ಮೊದಲ ದಾಳಿಗಾರನಾಗಿದ್ದೆ. ಈ ಮಾತನ್ನು ನಂಬದವರಿಗೆ ತೋರಿಸಲು ಎಡಮೊಣಕಾಲಿನ ಮೇಲೊಂದು ಕಲೆ ಉಳಿದಿದೆ. ಆ ಕಲೆಯ ಬಲದಿಂದಲೇ ಹುಡುಗರು ನನ್ನನ್ನು ತಮ್ಮ ‘ವಸ್ತಾದ’ನನ್ನಾಗಿ ಮಾಡಿಕೊಂಡಿದ್ದಾರೆ.

ಅಂದು ಎದುರಾಳಿಗಳು ಅಥಣಿಯವರು. ಕೊನೆಯ ನಿಮಿಷ, ಅಂಕ ಸಮಸಮ. ರಾಯಬಾಗದ ಕಡೆಯ ನಮ್ಮ ಹುಡುಗ ಉಸಿರು ಕಟ್ಟಿ ಒಳಹೊಕ್ಕ. ‘ಬೋನಸ್ ತಗೊ!’ ಎಂದು ಕೂಗಿಬಿಟ್ಟೆ. ಎದುರಿಗೆ ಆರು ಮಂದಿಯಾದರೂ ಇದ್ದರಷ್ಟೇ ಬೋನಸ್ ಗೆರೆಗೆ ಅಂಕ. ಅಂದು ಉಳಿದಿದ್ದವರು ಐವರು. ಹುಡುಗ ನನ್ನ ದನಿಯನ್ನು ನಂಬಿ ಕಾಲಿಟ್ಟ, ಸಿಕ್ಕಿಬಿದ್ದ. ಒಂದಂಕದಿಂದ ಸೋತೆವು.

‘ನಾ ಎಣಿಸಿದ್ದೆ ಸರ. ಆದ್ರ ನೀವ ಹೇಳಿದ್ರಲ್ಲಾ ಅಂತ ಕಾಲ ಹಾಕಿದೆ’ ಎಂದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಕರ್ನಾಟಕದ ಬಿ. ಸಿ. ರಮೇಶರು ನೆನಪಾದರು. ಆಟಗಾರರಾಗಿ 2001ರ ಅರ್ಜುನ ಪ್ರಶಸ್ತಿ ಪಡೆದವರು. ಮುಂದೆ ತರಬೇತುದಾರರಾಗಿ, 2019ರಲ್ಲಿ ಬಂಗಾಳದ ತಂಡಕ್ಕೂ 2024ರಲ್ಲಿ ಪುಣೆಯ ತಂಡಕ್ಕೂ ಪ್ರೊ ಕಬಡ್ಡಿಯ ಮೊದಲ ಕಿರೀಟವನ್ನು ತಂದುಕೊಟ್ಟರು. ಹೈದರಾಬಾದಿನಲ್ಲಿ ನಡೆದ ಆ ಪುಣೆಯ ಅಂತಿಮ ಪಂದ್ಯದ ಅಂಕ 28–25. ಮೂರೇ ಅಂಕದ ಅಂತರ! ಅಂಥ ಹೊತ್ತಿನಲ್ಲಿ, ದಾಳಿಯ ರುಚಿ ಕಂಡ ಕಾಲುಗಳನ್ನು ಹೊರಗೇ ನಿಲ್ಲಿಸಿಕೊಳ್ಳುವುದೆಂದರೆ ಸಾಮಾನ್ಯವೆ? ದಾಳಿಗೆ ಇರುವುದು 30 ಸೆಕೆಂಡು. ಅಷ್ಟು ಹೊತ್ತಿನ ಉಸಿರು ಆಡುವವನದೇ. ಗುರುವಾದವನು ಎಲ್ಲವನ್ನೂ ಕೊಡಬಹುದು, ಉಸಿರನ್ನು ಮಾತ್ರ ಕಡ ಕೊಡಲಾರ.

ಅಂದು ಕೂಗಿದವನು ವಸ್ತಾದನಲ್ಲ, ನನ್ನೊಳಗಿನ ಹಳೆಯ ದಾಳಿಗಾರ. ಹುಡುಗನ ಕಾಲಿನಲ್ಲಿ ತಾನೇ ಗೆಲ್ಲಬೇಕೆಂಬ ಆಸೆ ಅವನಿಗೆ. ತರಗತಿಯಲ್ಲಿಯೂ ಎಷ್ಟು ಸಲ, ವಿದ್ಯಾರ್ಥಿ ಪದ್ಯದ ಅರ್ಥವನ್ನು ತಡವರಿಸುತ್ತ ಹುಡುಕುತ್ತಿರುವಾಗ, ನಾನೇ ಬಾಯಿ ಹಾಕಿ ಅವನ ಆಟವನ್ನು ಕೆಡಿಸಿದ್ದೇನೋ!

ಮುಂದಿನ ಶನಿವಾರ ಮನೆಯಲ್ಲೇ ಕುಳಿತಿದ್ದೆ. ಹುಡುಗನೇ ಬಾಗಿಲಿಗೆ ಬಂದ. ‘ಯಾಕ್ರಿ ಸರ, ಬರೂದಿಲ್ಲೇನ್ರಿ?’

ಹೋದೆ. ಆದರೆ ಹೋಗುವ ಮುನ್ನ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡೆ.