ಭೀಮೆಯ ಆಚೆ ಎರಡು ದಿನ

ಪ್ರವಾಸವೆಂದೊಡನೆ ನಮ್ಮ ಕಡೆಯ ಕುಟುಂಬಗಳ ಮನಸ್ಸು ಶ್ರೀಶೈಲ, ಉಳವಿ, ಕೂಡಲಸಂಗಮಗಳತ್ತ ಹರಿಯುವುದು ಸಹಜ. ಕಲಬುರಗಿಯಿಂದ ಅರ್ಧ ದಿನದ ಹಾದಿಯೂ ಅಲ್ಲದ ಯಾದಗಿರಿ, ಶಹಾಪುರ, ಸುರಪುರಗಳಿಗೆ ಕೆಲಸವಿದ್ದವರು ಹೋಗುತ್ತಾರೆಯೇ ಹೊರತು ನೋಡಲೆಂದೇ ಹೋಗುವವರು ವಿರಳ. 2009ರ ಡಿಸೆಂಬರಿನವರೆಗೆ ಈ ಮೂರೂ ಊರುಗಳು ನಮ್ಮ ಜಿಲ್ಲೆಯಲ್ಲಿಯೇ ಇದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ನೆರೆಮನೆಯಂತಾದವು.

ಜೇಡರ ದಾಸಿಮಯ್ಯನವರ ಮುದನೂರನ್ನು ಕಣ್ಣಾರೆ ಕಾಣಬೇಕೆಂಬುದು ಎಂಬತ್ತರ ಅಂಚಿನಲ್ಲಿರುವ ನಮ್ಮ ಅತ್ತೆಯವರ ಬಹುದಿನದ ಅಪೇಕ್ಷೆ. ಮಗಳು ಪದವಿ ಮುಗಿಸಿದ್ದಳು. ಮನೆಗೆ ಸಂಬಂಧದ ಮಾತುಗಳು ಬರತೊಡಗಿದ್ದವು. ಮುಂದಿನ ವರ್ಷ ನಾಲ್ವರೂ ಕೂಡಿ ಹೋಗುವುದಾದೀತೆಂಬ ಭರವಸೆ ಯಾರಿಗೂ ಇರಲಿಲ್ಲ. ಆದುದರಿಂದ ಈ ಚಳಿಗಾಲದಲ್ಲಿಯೇ ಹೊರಟೆವು.

ಬೆಳಗಿನ ರೈಲಿನಲ್ಲಿ ಯಾದಗಿರಿಗೆ ಇಳಿದು, ಬಿಸಿ ಒಗ್ಗರಣೆ, ಮಿರ್ಚಿ ತಿಂದು ಕೋಟೆಯ ದಾರಿ ಹಿಡಿದೆವು. ಯಜಮಾನರು ಅತ್ತೆಯವರೊಡನೆ ಕೆಳಗೇ ಕುಳಿತರು. ನಾವೂ ಮಗಳೂ ಏರಿದೆವು. ಬಂಡೆಗಳ ನಡುವೆ ಒಂದೆಡೆ ದೇಗುಲ, ಇನ್ನೊಂದೆಡೆ ಮಸೀದಿ, ಮತ್ತೊಂದೆಡೆ ಜೈನ ಮೂರ್ತಿಗಳು. ಯಾರು ಆಳಿದರೂ ಬೆಟ್ಟವು ಎಲ್ಲರಿಗೂ ಒಂದಿಷ್ಟು ಜಾಗ ಕೊಟ್ಟಂತೆ ತೋರಿತು. ಮೇಲಿನಿಂದ ನೋಡಿದರೆ ಊರು, ಅದರಾಚೆ ಭೀಮಾ ನದಿ.

ಭೀಮೆಯ ಸೇತುವೆ ದಾಟಿ ಬಾಡಿಗೆಯ ಜೀಪು ಶಹಾಪುರದತ್ತ ಸಾಗಿತು. ಹತ್ತಿ, ತೊಗರಿಯ ಕಪ್ಪು ನೆಲ ಮುಗಿದು, ಕಾಲುವೆಯ ನೀರು ಹರಿಯುವೆಡೆ ಭತ್ತದ ಗದ್ದೆಗಳು ಕಾಣಿಸಿದವು. ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದಲ್ಲಿ ಕಟ್ಟಿರುವ ಬಸವಸಾಗರದ ಮಹಿಮೆಯಿದು. ಆದರೆ ಶಹಾಪುರದ ಬಸ್ ನಿಲ್ದಾಣದಲ್ಲಿ ಹಾಸಿಗೆಯ ಗಂಟು, ಪಾತ್ರೆಯ ಚೀಲ, ಕಂಕುಳಲ್ಲಿ ಕೂಸುಗಳೊಡನೆ ಬೆಂಗಳೂರಿನ ಬಸ್ಸಿಗೆ ಕಾದು ನಿಂತವರನ್ನೂ ಕಂಡೆವು. ನೀರು ತಲುಪದ ಹೊಲದವರಿಗೆ ಗುಳೆ ತಪ್ಪಿಲ್ಲ. ಅತ್ತೆಯವರು ತಮ್ಮ ಬುತ್ತಿಯಿಂದ ನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಒಬ್ಬ ತಾಯಿಯ ಕೈಗಿತ್ತರು. ಆಕೆ, "ನೀವು ಎಲ್ಲಿಗೆ ಹೊಂಟೀರಿ ಯವ್ವಾ?" ಎಂದು ಕೇಳಿದಳು. "ಊರು ನೋಡಾಕ" ಎನ್ನಲು ನಮಗೆ ಬಾಯಿ ಬರಲಿಲ್ಲ.

ಶಹಾಪುರದ ಬೆಟ್ಟಸಾಲು ಒಂದು ಕೋನದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ; ಜನ ಅದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಜೀಪು ನಿಲ್ಲಿಸಿದೊಡನೆ ಮಗಳಿಗೆ ಹಣೆ, ಮೂಗು, ಎದೆ ಎಲ್ಲವೂ ಕಂಡವು. ಅತ್ತೆಯವರು ಕನ್ನಡಕವನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿ, ಕಡೆಗೆ, "ಏಳಬ್ಯಾಡಪ್ಪಾ, ಮಲಕೋ" ಎಂದು ಕೈಮುಗಿದರು. ಚರಬಸವೇಶ್ವರರ ಗದ್ದುಗೆಯ ದರ್ಶನ ಮುಗಿಸಿ ಸಂಜೆಗೆ ಸುರಪುರ ಸೇರಿದೆವು.

ಸುರಪುರದ ನಾಯಕರ ಶೌರ್ಯವನ್ನು ಕೇಳದವರಾರು? ಇಲ್ಲಿಗೆ ಸಮೀಪದ ವಾಗಣಗೇರಿಯ ಕೋಟೆಗೆ 1705ರಲ್ಲಿ ಮುತ್ತಿಗೆ ಹಾಕಲು ಸ್ವತಃ ಔರಂಗಜೇಬನೇ ಬರಬೇಕಾಯಿತು. ಅದೇ ಅವನ ಕೊನೆಯ ದೊಡ್ಡ ಮುತ್ತಿಗೆ. ಆದರೆ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಗುಡ್ಡದ ಮೇಲಿನ ಟೇಲರ್ ಮಂಜಿಲ್. ಮರುದಿನ ಅತ್ತೆಯವರ ಇಷ್ಟಲಿಂಗ ಪೂಜೆ ಮುಗಿದ ಮೇಲೆ ಅಲ್ಲಿಗೆ ಹೋದೆವು. 1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ಆಡಳಿತ ನೋಡಲು ಬಂದ ಮೆಡೋಸ್ ಟೇಲರ್ 1853ರವರೆಗೆ ಇಲ್ಲಿದ್ದು ಆ ಹುಡುಗನ ಮೇಲ್ವಿಚಾರಣೆ ವಹಿಸಿದ. ಹುಡುಗ ಅವನನ್ನು "ಅಪ್ಪಾ" ಎಂದೇ ಕರೆಯುತ್ತಿದ್ದನು. 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಖಡ್ಗ ಹಿರಿದು, ಸೆರೆ ಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಮರಣದಂಡನೆ ಕಡಿಮೆಯಾಗಿ ನಾಲ್ಕು ವರ್ಷದ ಸೆರೆಯಾಯಿತು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿಯೇ ಗುಂಡು ತಗುಲಿ ರಾಜ ಅಸುನೀಗಿದ. ತಾನೇ ಹಾರಿಸಿಕೊಂಡನೆಂಬುದು ಟೇಲರನ ಆತ್ಮಕಥೆಯ ಮಾತು. ಆಗಿನ್ನೂ ಅವನ ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ.

"ಟೇಲರ್ ಛಲೋ ಮನುಷ್ಯನೋ, ಕೆಟ್ಟವನೋ?" ಎಂದಳು ಮಗಳು. ಯಜಮಾನರು ಕೆರೆ, ರಸ್ತೆಗಳ ಲೆಕ್ಕ ಕೊಟ್ಟು ಅವನ ಪಕ್ಷ ಹಿಡಿದರು. ನಮಗೆ ಒಪ್ಪಿಗೆಯಾಗಲಿಲ್ಲ; ಪ್ರೀತಿಯಿಂದ ಬೆಳೆಸಿದರೂ ಅವನು ಬೆಳೆಸಿದ್ದು ಯಾರ ಆಳ್ವಿಕೆಗೆ ತಲೆಬಾಗಲೆಂದು? ಅತ್ತೆಯವರು ಮಾತ್ರ, "ಅಪ್ಪನ್ನ ಕಳಕೊಂಡ ಕೂಸು, ಯಾರನ್ನಾರ ಅಪ್ಪಾ ಅನ್ನಬೇಕಲ್ಲ" ಎಂದು ಕಣ್ಣೊರೆಸಿಕೊಂಡರು.

ಕೆಂಭಾವಿಯ ಕಡೆಯ ದಾರಿಯಲ್ಲಿ ಸಾಗಿ ಮುದನೂರು ತಲುಪಿದಾಗ ಮಧ್ಯಾಹ್ನ. ಬಸವಣ್ಣನವರಿಗಿಂತ ಮೊದಲೇ ವಚನ ನುಡಿದ ನೇಕಾರ ಶರಣರ ಊರಿದು. ಅವರ ಅಂಕಿತದ ರಾಮನಾಥನ ಗುಡಿಯಲ್ಲಿ ಅತ್ತೆಯವರು ಕಂಬಕ್ಕೊರಗಿ ಕುಳಿತು, ಮೊಮ್ಮಗಳಿಗೆ ದುಗ್ಗಳೆಯ ಕಥೆ ತೆಗೆದರು: ದಾಸಿಮಯ್ಯನವರು ಮರಳು ಬೆರೆತ ಅಕ್ಕಿ, ಕಬ್ಬು ಹಿಡಿದು, ಬೇರೆ ನೀರೂ ಸೌದೆಯೂ ಇಲ್ಲದೆ ಪಾಯಸ ಮಾಡಿಕೊಡುವ ಕನ್ಯೆಯನ್ನು ಹುಡುಕುತ್ತ ಹೊರಟರಂತೆ. ದುಗ್ಗಳೆ ಅಕ್ಕಿಯನ್ನು ಹಸನು ಮಾಡಿ, ಕಬ್ಬಿನ ಹಾಲನ್ನೇ ನೀರಾಗಿಸಿ, ಸಿಪ್ಪೆಯನ್ನು ಒಣಗಿಸಿ ಉರಿ ಮಾಡಿ ಪಾಯಸ ಇಳಿಸಿದಳಂತೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರೀಕ್ಷೆ ಹುಡುಗಿಗಷ್ಟೇ ಏನಜ್ಜಿ? ದುಗ್ಗಳೆ ತಿರುಗಿ ಏನೂ ಕೇಳಲಿಲ್ಲೇನು?" ಎಂದಳು.

ಎಪ್ಪತ್ತು ವರ್ಷಗಳಿಂದ ಈ ಕಥೆಯನ್ನು ಹೇಳುತ್ತ ಬಂದ ಅತ್ತೆಯವರು ಬಹಳ ಹೊತ್ತು ಯೋಚಿಸಿದರು. "ಕೇಳಿರಬೇಕವ್ವಾ. ಆಕಿನೂ ವಚನ ಕಟ್ಟಿದಾಕಿ, ಸುಮ್ಮನ ಇದ್ದಿರಾಕಿಲ್ಲ. ಕಥಿ ಹೇಳಿದವರು ಅದನ್ನ ಬಿಟ್ಟಾರ." ಅನಂತರ ಅವಳ ಕೈಹಿಡಿದು, "ಬರೂ ಸೋಮವಾರ ಅವರು ನೋಡಾಕ ಬರ್ತಾರಲ್ಲ, ನೀ ಕೇಳು" ಎಂದರು.

ಹಿಂದಿರುಗುವಾಗ ಶಹಾಪುರ ದಾಟುವವರೆಗೂ ಅಜ್ಜಿ-ಮೊಮ್ಮಗಳು ವರನಿಗೆ ಕೇಳಬೇಕಾದುದನ್ನು ಬೆರಳು ಮಡಿಚಿ ಎಣಿಸುತ್ತಿದ್ದರು. ನಾಲ್ಕನೆಯ ಪ್ರಶ್ನೆ ಕಿವಿಗೆ ಬೀಳುತ್ತಲೇ ಯಜಮಾನರು ಮುಂದಿನ ಸೀಟಿನಿಂದ ತಿರುಗಿ ನಮ್ಮ ಮುಖ ನೋಡಿದರು.