ನುಂಗಿದ ಖೋ

ಕಳೆದ ತಿಂಗಳು ಒಂದು ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಎಸೆದು, ಕೈಕಾಲು ಕೂಡ ತೊಳೆಯದೆ ನನ್ನ ಪಕ್ಕ ಕುಳಿತಳು. ಅವಳು ಈಗ ಎಂಟನೇ ತರಗತಿ. ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಭಾರತದ ಪುರುಷರೂ ಮಹಿಳೆಯರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಎರಡೂ ಕಪ್ ಗೆದ್ದದ್ದನ್ನು ನಾವಿಬ್ಬರೂ ಟಿ.ವಿ. ಮುಂದೆ ಕುಳಿತು ನೋಡಿದ್ದೆವು. ಗೆದ್ದ ಮಹಿಳಾ ತಂಡದಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಇದ್ದರು. ಅಂದಿನಿಂದ ಇವಳಿಗೆ ಆ ಆಟದ ಹುಚ್ಚು.

ಆದರೆ ಇವಳ ಶಾಲೆಯ ತಂಡ ಎರಡು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿಲ್ಲ. ಈ ಸಲ ಹೊಸ ಕೋಚ್ ಬಂದಿದ್ದಾರೆ. ಬಂದವರೇ ಎಲ್ಲ ಬದಲಾಯಿಸುತ್ತಿದ್ದಾರಂತೆ. ಹಳೆಯ ಕ್ಯಾಪ್ಟನ್ ಇಲ್ಲ. ಯಾರು ಮೊದಲು ಓಡಬೇಕೆಂಬುದು ವಾರಕ್ಕೊಮ್ಮೆ ಬದಲು. ಬೆಳಿಗ್ಗೆ ಆರು ಗಂಟೆಗೆ ಮೈದಾನದಲ್ಲಿರಬೇಕು.

“ತಾತ, ನಾವೆಲ್ಲ ಮಾತಾಡಿಕೊಂಡಿದ್ದೀವಿ. ಶನಿವಾರದ ಪಂದ್ಯದಲ್ಲಿ ಬೇಕಂತಲೇ ಕೆಟ್ಟದಾಗಿ ಆಡ್ತೀವಿ. ಆಗ ಅವರಿಗೇ ಬುದ್ಧಿ ಬರುತ್ತೆ” ಎಂದಳು.

ನಾನು ಕಾಫಿ ಲೋಟ ಕೆಳಗಿಟ್ಟೆ. ಐವತ್ತು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ನನ್ನೊಳಗೆ ಕುಳಿತಿತ್ತು. ಅದನ್ನು ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

1974ರ ಮಾತು. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ನಾನು ಹತ್ತನೇ ತರಗತಿ ಓದುತ್ತಿದ್ದೆ. ಖೋ ಖೋ ತಂಡದ ಉಪನಾಯಕ ನಾನೇ. ನಮ್ಮ ತಂಡ ತಾಲ್ಲೂಕು ಮಟ್ಟದಲ್ಲಿ ಸತತ ಮೂರು ವರ್ಷ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬಂದಿತ್ತು. ಆದರೂ ನಮ್ಮ ಗತ್ತಿಗೇನೂ ಕಡಿಮೆ ಇರಲಿಲ್ಲ. ಒಳ್ಳೆಯ ಬನಿಯನ್ ಹತ್ತನೇ ತರಗತಿಯವರಿಗೆ, ಹರಿದದ್ದು ಕಿರಿಯರಿಗೆ. ಬಾವಿಯಿಂದ ನೀರು ತರುವುದು, ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು ಎಂಟನೇ ತರಗತಿಯವರ ಕೆಲಸ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಯಾರೂ ಮೀರುತ್ತಿರಲಿಲ್ಲ.

ಖೋ ಖೋ ಆಡದವರಿಗಾಗಿ ಒಂದು ಮಾತು. ಅಟ್ಟುವ ತಂಡದ ಎಂಟು ಜನ ಎರಡು ಕಂಬಗಳ ನಡುವೆ ಸಾಲಾಗಿ, ಒಬ್ಬ ಆ ಕಡೆಗೆ, ಇನ್ನೊಬ್ಬ ಈ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನು ಎದುರಾಳಿಯನ್ನು ಅಟ್ಟಿಕೊಂಡು ಓಡುತ್ತಾನೆ. ಅವನು ಸಾಲಿನ ನಡುವೆ ನುಗ್ಗುವಂತಿಲ್ಲ. ಎದುರಾಳಿ ಆಚೆ ಬದಿಗೆ ನುಸುಳಿದರೆ, ಆಚೆಗೆ ಮುಖಮಾಡಿ ಕುಳಿತವನ ಬೆನ್ನು ಮುಟ್ಟಿ ಜೋರಾಗಿ ‘ಖೋ’ ಎನ್ನಬೇಕು. ಆಗ ಕುಳಿತವನು ಎದ್ದು ಅಟ್ಟುತ್ತಾನೆ, ಇವನು ಅವನ ಜಾಗದಲ್ಲಿ ಕೂರುತ್ತಾನೆ. ಖೋ ಸಿಗುವ ಮುಂಚೆ ಎದ್ದರೆ ಫೌಲ್. ಅಂದರೆ ಇದು ಓಡುವ ಆಟವಷ್ಟೇ ಅಲ್ಲ, ನನ್ನ ಸರದಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವ ಆಟ. ನಾವು ಮಾಡುತ್ತಿದ್ದದ್ದೇನು? ಹತ್ತನೇ ತರಗತಿಯವರು ಹತ್ತನೇ ತರಗತಿಯವರಿಗೇ ಖೋ ಕೊಡುತ್ತಿದ್ದೆವು. ಕಿರಿಯರು ಸುಮ್ಮನೆ ಕುಳಿತು ಮಂಡಿ ನೋಯಿಸಿಕೊಳ್ಳುತ್ತಿದ್ದರು.

ಆ ವರ್ಷ ನಮ್ಮ ಹಳೆಯ ಪಿ.ಟಿ. ಮೇಷ್ಟ್ರು ನಿವೃತ್ತರಾದರು. ಜೂನ್ ತಿಂಗಳಲ್ಲಿ ಹೊಸಬರು ಬಂದರು. ಮೊದಲ ವಾರ ಅವರು ಏನೂ ಹೇಳಲಿಲ್ಲ. ಕಾಂಪೌಂಡು ಗೋಡೆಯ ಮೇಲೆ ಕುಳಿತು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದರು. ಎರಡನೇ ವಾರ ಎಲ್ಲರನ್ನೂ ನಿಲ್ಲಿಸಿ ಹೇಳಿದರು: “ಇದು ತಂಡವಲ್ಲ, ಕುರಿಹಿಂಡು. ಇಷ್ಟು ದಿನ ನಿಮಗೆ ಯಾರೂ ಆಟ ಕಲಿಸಿಯೇ ಇಲ್ಲ. ನಾಳೆಯಿಂದ ನೀರು ತರುವುದು ಸರದಿಯ ಮೇಲೆ, ಮೊದಲ ಸರದಿ ಕ್ಯಾಪ್ಟನ್‌ದು. ಖೋ ಹತ್ತಿರ ಇರುವವನಿಗೆ, ಅವನು ಯಾವ ತರಗತಿಯಾದರೂ ಸರಿ.”

ಈಗ ಯೋಚಿಸಿದರೆ ಅವರು ಹೇಳಿದ ಬದಲಾವಣೆಗಳೆಲ್ಲ ಸರಿ. ಆದರೆ ಆ ಕುರಿಹಿಂಡಿನ ಮಾತು ನಮ್ಮ ಎದೆಗೆ ನಾಟಿತು. ಹಳೆಯ ಮೇಷ್ಟ್ರು ತಮ್ಮ ಸಂಬಳದ ದುಡ್ಡಿನಲ್ಲಿ ನಮಗೆ ಬನಿಯನ್ ತಂದುಕೊಟ್ಟವರು. ಅವರು ಏನೂ ಕಲಿಸಲಿಲ್ಲ ಎಂದರೆ ಹೇಗೆ ಸಹಿಸುವುದು? ಆದರೆ ಆ ಮಾತನ್ನು ಹೊಸ ಮೇಷ್ಟ್ರ ಮುಂದೆ ಹೇಳುವ ಧೈರ್ಯ ನಮಗಿರಲಿಲ್ಲ. ಬದಲಿಗೆ ತಡವಾಗಿ ಬಂದೆವು. ಕಾಲು ನೋವೆಂದು ಕುಂಟಿದೆವು. ನೀರಿನ ಬಿಂದಿಗೆ ಅರ್ಧ ತುಂಬಿಸಿ ತಂದೆವು. ಅವರ ಬೆನ್ನ ಹಿಂದೆ ಅವರ ನಡಿಗೆಯನ್ನು ಅಣಕಿಸಿ ನಕ್ಕೆವು.

ಎಂಟನೇ ತರಗತಿಯ ಒಬ್ಬ ಪುಟ್ಟ ಹುಡುಗನನ್ನು ಮೇಷ್ಟ್ರು ತಂಡಕ್ಕೆ ಸೇರಿಸಿದರು. ಕಡ್ಡಿಯ ಹಾಗಿದ್ದ, ಆದರೆ ಎದ್ದರೆ ಬಾಣ. ಅವನನ್ನು ಕಂಬದ ಪಕ್ಕದ ಚೌಕದಲ್ಲಿ ಕೂರಿಸಿದರು. ಅಲ್ಲಿ ಕೂರುತ್ತಿದ್ದವನು ನನ್ನ ಗೆಳೆಯ. ಅವನು ತಂಡದಿಂದ ಹೊರಗೆ.

ತಾಲ್ಲೂಕು ಪಂದ್ಯದ ಹಿಂದಿನ ರಾತ್ರಿ ಕ್ಯಾಪ್ಟನ್ ಮತ್ತು ನಾನು ಮಾತಾಡಿಕೊಂಡೆವು. “ಗೆದ್ದುಬಿಟ್ಟರೆ ಹೊಸ ಮೇಷ್ಟ್ರು ಹೇಳಿದ್ದೇ ಸರಿ ಅಂತಾಗುತ್ತೆ ಕಣೋ” ಎಂದ ಅವನು. ನಾನು ತಲೆಯಾಡಿಸಿದೆ.

ಮರುದಿನ ವಿಚಿತ್ರ ನಡೆಯಿತು. ನಾವಿಬ್ಬರು ಮನಸ್ಸಿಟ್ಟು ಆಡದಿದ್ದರೂ ತಂಡ ಚೆನ್ನಾಗಿ ಆಡಿತು. ಕಿರಿಯರಿಗೆ ಮೊದಲ ಬಾರಿ ಖೋ ಸಿಗುತ್ತಿತ್ತು, ಸಿಕ್ಕಿದ ಕೂಡಲೇ ಚಿಮ್ಮುತ್ತಿದ್ದರು. ಕೊನೆಯ ನಿಮಿಷ. ನಾವು ಒಂದೇ ಅಂಕ ಹಿಂದೆ. ಅಟ್ಟುತ್ತಿದ್ದವನು ನಾನು. ಎದುರಾಳಿ ಕಂಬದ ಹತ್ತಿರ ಆಚೆ ಬದಿಗೆ ನುಸುಳಿದ. ಆ ಪುಟ್ಟ ಹುಡುಗನ ಮುಖ ಅದೇ ಕಡೆಗಿತ್ತು, ಎದುರಾಳಿ ಅವನಿಂದ ಎರಡೇ ಹೆಜ್ಜೆ ದೂರ. ನಾನು ಅವನ ಬೆನ್ನು ಮುಟ್ಟಿದೆ. ಆದರೆ ‘ಖೋ’ ಎಂಬ ಶಬ್ದವನ್ನು ಬಾಯೊಳಗೇ ನುಂಗಿದೆ.

ಕೈ ತಗುಲಿದ್ದೇ ಹುಡುಗ ಎದ್ದ. ಅಂಪೈರ್ ಸೀಟಿ ಊದಿದರು. ಫೌಲ್! ಎದುರಾಳಿ ದೂರ ಓಡಿಹೋದ. ಸಮಯ ಮುಗಿಯಿತು.

“ಖೋ ಸಿಗೋ ಮುಂಚೆ ಯಾಕೋ ಎದ್ದೆ?” ಎಂದು ಎಲ್ಲರೂ ಅವನ ಮೇಲೆ ಹರಿಹಾಯ್ದರು. ಅವನು ಒಮ್ಮೆ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಅತ್ತ.

ಊರಿಗೆ ಬಂದ ಮೇಲೆ ಸಾಮಾನು ಇಡಲು ಮೇಷ್ಟ್ರು ನನ್ನೊಬ್ಬನನ್ನೇ ಕರೆದರು. ಪಂದ್ಯದ ಹೊತ್ತಿನಲ್ಲಿ ಅವರು ಅದೇ ಕಂಬದ ಹತ್ತಿರ ನಿಂತಿದ್ದರು. ಬೈಯಲಿಲ್ಲ. ಇಷ್ಟೇ ಹೇಳಿದರು: “ನನ್ನ ಮೇಲೆ ಸಿಟ್ಟಿದ್ದರೆ ನನ್ನ ಹತ್ತಿರ ಬಾ. ಅದನ್ನು ಆ ಮಗುವಿನ ಬೆನ್ನ ಮೇಲೆ ತೀರಿಸಿಕೊಳ್ಳಬೇಡ.”

ನನಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಬನಿಯನ್ನಿನ ಕಥೆ, ಕುರಿಹಿಂಡಿನ ಮಾತು ಎಲ್ಲ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಇದನ್ನು ಜೂನ್‌ನಲ್ಲೇ ಹೇಳಬಾರದಿತ್ತೇನೋ?” ಎಂದರು. ಸ್ವಲ್ಪ ತಡೆದು, “ನಾನೂ ಕೇಳಬಹುದಿತ್ತು” ಎಂದು ಸೇರಿಸಿದರು.

ಆ ಹುಡುಗ ಮೈದಾನಕ್ಕೆ ಬರುವುದನ್ನು ಬಿಟ್ಟ. ನಾಲ್ಕನೇ ದಿನ ಅವನ ಮನೆಗೆ ಹೋದೆ. ಅವನ ತಾಯಿ ಮಜ್ಜಿಗೆ ಕೊಟ್ಟರು. ಅದನ್ನು ಕುಡಿದು, ಹೇಳಬೇಕಾದ್ದನ್ನು ಹೇಳದೆ ವಾಪಸು ಬಂದೆ. ಮತ್ತೆ ಮರುದಿನ ಹೋಗಿ, “ಅವತ್ತು ನಾನು ಖೋ ಅನ್ನಲೇ ಇಲ್ಲ” ಎಂದೆ.

“ನನಗೆ ಗೊತ್ತಿತ್ತಣ್ಣ” ಎಂದ ಅವನು.

ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ. ಅವತ್ತು ಸಂಜೆ ಇಡೀ ತಂಡದ ಮುಂದೆ ನಾನೇ ಹೇಳಿದೆ. ಕೆಲವರು ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟರು. ಮೇಷ್ಟ್ರೂ ಎಲ್ಲರೆದುರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಮುಂದಿನ ಶನಿವಾರ ಹಳೆಯ ಮೇಷ್ಟ್ರನ್ನು ಮೈದಾನಕ್ಕೆ ಕರೆತಂದು ಕುರ್ಚಿ ಹಾಕಿ ಕೂರಿಸಿದರು. ಆ ದಿನ ನೀರಿನ ಬಿಂದಿಗೆ ಹೊತ್ತವರು ಹೊಸ ಮೇಷ್ಟ್ರೇ. ಮರುವರ್ಷ ಶಾಲೆ ತಾಲ್ಲೂಕಿನಲ್ಲಿ ಗೆದ್ದಿತು. ನಾನು ಅಷ್ಟರಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಊರು ಬಿಟ್ಟಿದ್ದೆ. ಕಪ್ ಎತ್ತಿದ್ದು ಆ ಪುಟ್ಟ ಹುಡುಗ.

ಇಷ್ಟು ಕೇಳಿದ ಮೊಮ್ಮಗಳು, “ಅದು ಹಳ್ಳಿ ಶಾಲೆ ತಾತ. ದೊಡ್ಡ ತಂಡಗಳಲ್ಲಿ ಹೀಗೆಲ್ಲ ಇರಲ್ಲ” ಎಂದಳು.

ಇರುತ್ತದೆ ಎಂದೆ. 2005ರಲ್ಲಿ ಆಸ್ಟ್ರೇಲಿಯಾದ ಗ್ರೆಗ್ ಚಾಪೆಲ್ ನಮ್ಮ ಕ್ರಿಕೆಟ್ ತಂಡಕ್ಕೆ ಕೋಚ್ ಆಗಿ ಬಂದರು. ದೊಡ್ಡ ಆಟಗಾರ, ಹೊಸ ಯೋಚನೆಗಳಿದ್ದವರು. ಕೆಲವು ಒಳ್ಳೆಯ ಗೆಲುವುಗಳೂ ಬಂದವು. ಆದರೆ ನಾಯಕ ಸೌರವ್ ಗಂಗೂಲಿ ಬಗ್ಗೆ ಅವರು ಕ್ರಿಕೆಟ್ ಮಂಡಳಿಗೆ ಬರೆದ ಇ-ಮೇಲ್ ಬಯಲಾಗಿ ದೊಡ್ಡ ಗದ್ದಲವಾಯಿತು. ಹಿರಿಯ ಆಟಗಾರರಿಗೂ ಕೋಚ್‌ಗೂ ನಡುವೆ ನಂಬಿಕೆ ಉಳಿಯಲಿಲ್ಲ. 2007ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶ, ಶ್ರೀಲಂಕಾಗಳಿಗೆ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಮರಳಿದರು. ಅಲ್ಲಿ ಯಾರೂ ನನ್ನ ಹಾಗೆ ಬೇಕೆಂದೇ ಕೆಡಿಸಿದರು ಎಂದಲ್ಲ. ಒಬ್ಬರನ್ನೊಬ್ಬರು ನಂಬದ ತಂಡದ ಕಾಲು ತಾನಾಗಿಯೇ ಭಾರವಾಗುತ್ತದೆ. 2008ರಲ್ಲಿ ದಕ್ಷಿಣ ಆಫ್ರಿಕಾದ ಗ್ಯಾರಿ ಕರ್ಸ್ಟನ್ ಬಂದರು. ಮಾತು ಕಡಿಮೆ. ನೆಟ್ಸ್‌ನಲ್ಲಿ ತಾವೇ ನಿಂತು ಆಟಗಾರರಿಗೆ ಚೆಂಡು ಎಸೆಯುತ್ತಿದ್ದರು. 2011ರ ಏಪ್ರಿಲ್ 2ರಂದು ಮುಂಬೈನಲ್ಲಿ ವಿಶ್ವಕಪ್ ಗೆದ್ದಾಗ ಆಟಗಾರರು ಆ ಕೋಚ್‌ರನ್ನೂ ಹೆಗಲ ಮೇಲೆ ಹೊತ್ತರು. ಸಚಿನ್, ಸೆಹ್ವಾಗ್, ಯುವರಾಜ್, ಧೋನಿ, ಜಹೀರ್, ಹರಭಜನ್ ಈ ಎರಡೂ ವಿಶ್ವಕಪ್ ತಂಡಗಳಲ್ಲಿದ್ದವರು.

“ಹಾಗಾದರೆ ಕೋಚ್ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾ?” ಎಂದಳು ಮೊಮ್ಮಗಳು.

“ಬೇಡ. ಒಪ್ಪಿಗೆ ಇಲ್ಲದಿದ್ದರೆ ಬಾಯಿಬಿಟ್ಟು ಹೇಳು. ಜೋರಾಗಿ, ಖೋ ಅಂದ ಹಾಗೆ. ಆಟದಲ್ಲಿ ಮಾತ್ರ ಕೈಕೊಡಬೇಡ. ಕೈಕೊಟ್ಟರೆ ಪೆಟ್ಟು ಬೀಳೋದು ಕೋಚ್‌ಗಲ್ಲ, ಪಕ್ಕದಲ್ಲಿ ಕೂತವಳಿಗೆ.”

ಅವಳು ಏನೂ ಹೇಳದೆ ಎದ್ದು ಹೋಗಿ ಕೈಕಾಲು ತೊಳೆದಳು. ರಾತ್ರಿ ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಚೀಲಕ್ಕೆ ಹಾಕಿಕೊಂಡಳು. ಮರುದಿನ ಸಂಜೆ ಬಂದಾಗ ಮುಖ ಅರ್ಧ ಅರಳಿತ್ತು.

“ಎರಡಕ್ಕೆ ಒಪ್ಪಿದ್ರು ತಾತ. ಹಳೇ ಕ್ಯಾಪ್ಟನ್ ಉಪನಾಯಕಿ ಆಗ್ತಾಳೆ. ಯಾರನ್ನು ಯಾಕೆ ಬದಲಾಯಿಸ್ತೀನಿ ಅಂತ ಮೊದಲೇ ಹೇಳ್ತಾರಂತೆ.”

“ಮೂರನೆಯದು?”

“ಬೆಳಗಿನ ಅಭ್ಯಾಸ ಮಾತ್ರ ಬಿಡಲ್ಲ ಅಂದ್ರು” ಎಂದು ಮುಖ ಊದಿಸಿದಳು. ಆಮೇಲೆ ಮಲಗುವ ಮುನ್ನ ನನ್ನ ಕೋಣೆಗೆ ಇಣುಕಿದಳು.

“ತಾತ, ಐದು ಗಂಟೆಗೆ ಎಬ್ಬಿಸ್ತೀರಾ?”