ಚಾಕು ಜೇಬಲ್ಲೇ ಇತ್ತು

ಚಾಕು ಅಪ್ಪನ ಜೇಬಿನಲ್ಲೇ ಇತ್ತು. ಆದರೂ ಕರು ಉಳಿಯಲಿಲ್ಲ.

ಹೋದ ಮಳೆಗಾಲದ ಮಾತು. ಹಾಲು ಕರೆಯುವ ಹೊತ್ತು. ಕೊಟ್ಟಿಗೆ ಹಿಂದೆ ಕಟ್ಟಿದ್ದ ಎರಡು ತಿಂಗಳ ಹೆಣ್ಣುಕರು ಗೂಟ ಸುತ್ತಿ ಸುತ್ತಿ ಹಗ್ಗ ಗಿಡ್ಡ ಮಾಡಿಕೊಂಡು, ಪಕ್ಕದ ಚರಂಡಿಗೆ ಜಾರಿತ್ತು. ನೈಲಾನ್ ಹಗ್ಗ ಕುತ್ತಿಗೆಗೆ ಬಿಗಿದಿತ್ತು. ನೈಲಾನ್ ಗಂಟು ಎಳೆದಷ್ಟೂ ಬಿಗಿಯುತ್ತದೆ, ಕೈಗೆ ಬಿಚ್ಚಲು ಬರುವುದಿಲ್ಲ. ಅಪ್ಪ ಓಡಿ ಹೋಗಿ ಎಡಗೈಯಲ್ಲಿ ಕರುವನ್ನು ಎತ್ತಿ ಹಿಡಿದು, ಬಲಗೈಯಲ್ಲಿ ಜೇಬಿನ ಚಾಕು ತೆಗೆದರು.

ಅದು ಮರದ ಹಿಡಿಯ ಹಳೇ ಚಾಕು. ಅಲಗಿನ ಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ, ಎರಡು ಕೈಯಲ್ಲಿ ಬಿಡಿಸಬೇಕು. ಇನ್ನೊಂದು ಕೈ ಬಿಟ್ಟರೆ ಕರು ನೇಣಿಗೆ ಬೀಳುತ್ತದೆ. ಅಪ್ಪ ಹಲ್ಲಲ್ಲಿ ಕಚ್ಚಿ ಎಳೆದರು. ತುಕ್ಕು ಹಿಡಿದ ಅಲಗು ಅಲ್ಲಾಡಲಿಲ್ಲ. ನಾನು ಮನೆಯೊಳಗೆ ಓಡಿ ಕುಡುಗೋಲು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು ಒಂದೇ ಮಾತು: “ಚಾಕು ಜೇಬಲ್ಲೇ ಇತ್ತು ಕಣವ್ವ.”

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅಪ್ಪನಿಗೆ ಒಂದು ಹೊಸ ಚಾಕು ತರಬೇಕು, ಅದು ಒಂದೇ ಕೈಯಲ್ಲಿ ತೆರೆಯುವಂತಿರಬೇಕು ಅಂದುಕೊಂಡೆ.

ಮೊದಲ ಸಲ ಎಡವಿದ್ದು ನಾನೇ. ದನದ ಜಾತ್ರೆಯಲ್ಲಿ ಹಗ್ಗ, ಗೆಜ್ಜೆ, ಬಾರುಕೋಲು ಮಾರುವ ಸಾಲಿನಲ್ಲಿ ಮಡಿಸುವ ಚಾಕುಗಳೂ ಇದ್ದವು. ಅಲಗಿನ ಮೇಲೆ ಹೆಬ್ಬೆರಳಿಗೆ ಸಿಗುವಂಥ ಒಂದು ಗುಬುಟು, ತಳ್ಳಿದರೆ ಒಂದೇ ಕೈಯಲ್ಲಿ ತೆರೆಯುತ್ತಿತ್ತು. 120 ರೂಪಾಯಿ. ಖುಷಿಯಾಗಿ ತಂದೆ. ಅಪ್ಪನಿಗೆ ಕೊಡುವ ಮುಂಚೆ ನೋಡೋಣ ಎಂದು ಡ್ರಿಪ್ ಪೈಪಿಗೆ ಅದರ ಮೊನೆ ಒತ್ತಿದೆ. ತೆರೆದ ಅಲಗನ್ನು ಹಿಡಿದು ನಿಲ್ಲಿಸುವ ಲಾಕ್ ಜಾರಿತು. ಅಲಗು ಮಡಚಿಕೊಂಡು ನನ್ನ ತೋರುಬೆರಳ ಮೇಲೆ ಬಿತ್ತು. ನಾಲ್ಕು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ಅವ್ವ ಬೈದದ್ದು ಬೇರೆ ಲೆಕ್ಕ.

ಬೆರಳು ವಾಸಿಯಾಗುವವರೆಗೆ ಕೂತು ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು ಲಾಕ್. ಅಪ್ಪನ ಹಳೇ ಚಾಕುವಿನಂಥವಕ್ಕೆ ಲಾಕ್ ಇರುವುದೇ ಇಲ್ಲ, ಬರೀ ಸ್ಪ್ರಿಂಗ್ ಬಿಗಿ. ಹಣ್ಣು ಹೆಚ್ಚಲು, ದಾರ ಕತ್ತರಿಸಲು ಅಷ್ಟು ಸಾಕು. ಮೊನೆ ಒತ್ತುವ ಕೆಲಸಕ್ಕೆ ಸಾಲದು. ಇನ್ನೊಂದು ಬಗೆಯಲ್ಲಿ ಹಿಡಿಯ ಕುತ್ತಿಗೆಗೆ ಒಂದು ಲೋಹದ ಬಳೆ ಇರುತ್ತದೆ, ತಿರುಗಿಸಿದರೆ ಅಲಗು ಗಟ್ಟಿ ನಿಲ್ಲುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು ಇದಕ್ಕೇ ಹೆಸರುವಾಸಿ. ಆದರೆ ಅದನ್ನು ತೆರೆಯಲು ಎರಡು ಕೈ ಬೇಕು. ಮಳೆಯಲ್ಲಿ ನೆನೆದರೆ ಮರದ ಹಿಡಿ ಉಬ್ಬಿ ಅಲಗು ಬಿಗಿಯಾಗುವುದೂ ಉಂಟು. ನಮ್ಮ ಕೆಲಸಕ್ಕೆ ಸರಿ ಅನ್ನಿಸಿದ್ದು ಹಿಡಿಯ ಒಳಗೆ ತೆಳು ತಗಡಿರುವ ಲಾಕ್. ಅಲಗು ಪೂರ್ತಿ ತೆರೆದ ಕೂಡಲೇ ಆ ತಗಡು ಸರಿದು ಅಲಗಿನ ಬುಡಕ್ಕೆ ಒತ್ತುಕೊಡುತ್ತದೆ. ಹೆಬ್ಬೆರಳಲ್ಲಿ ಅದನ್ನು ಪಕ್ಕಕ್ಕೆ ತಳ್ಳಿದರೆ ಮಾತ್ರ ಚಾಕು ಮಡಚುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಚಾಕು ತೆರೆದು, ಅಲಗು ಮಡಚುವ ದಾರಿಯಲ್ಲಿ ಬೆರಳು ಇರದಂತೆ ಹಿಡಿದು, ಅಲಗಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ಕುಟ್ಟಿ. ಮಡಚಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಅಲಗು ಎಡಕ್ಕೆ ಬಲಕ್ಕೆ ಲೊಡಲೊಡ ಅಂದರೂ ಬೇಡ. ಅಂಗೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ತೆರೆದು ನೋಡಿ. ಬೇಕಾಗುವ ಹೊತ್ತಲ್ಲಿ ಮಳೆಯೂ ಕತ್ತಲೆಯೂ ಇರಬಹುದು.

ಇನ್ನು ಉಕ್ಕು. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಆದರೆ ಬೆವರು ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ದಿನಾ ಒರೆಸಿ ಎಣ್ಣೆ ಸವರುವ ಅಭ್ಯಾಸ ಇಲ್ಲದವರಿಗೆ ಸ್ಟೇನ್‌ಲೆಸ್ಸೇ ಸರಿ. ಕಡಿಮೆ ಬೆಲೆಯ ಚಾಕುಗಳ ಮೇಲೆ 420 ಅಥವಾ 3ಸಿಆರ್13 ಎಂದಿರುತ್ತದೆ. ಇವು ಮೆದು ಉಕ್ಕು, ಬೇಗ ಮೊಂಡಾಗುತ್ತವೆ, ಆದರೆ ಮನೆಯ ಸಾಣೆಕಲ್ಲಿನಲ್ಲಿ ಬೇಗ ಹರಿತವೂ ಆಗುತ್ತವೆ. ಗರಗಸದ ಹಲ್ಲಿರುವ ಅಲಗು ಹಗ್ಗವನ್ನು ಚೆನ್ನಾಗಿ ಕೊಯ್ಯುತ್ತದೆ ನಿಜ, ಆದರೆ ಅದನ್ನು ಮನೆಯಲ್ಲಿ ಮಸೆಯುವುದು ಕಷ್ಟ. ನಾನು ನೇರ ಅಂಚಿನದ್ದನ್ನೇ ಆರಿಸಿದೆ.

ಉದ್ದ 3 ಇಂಚು ಧಾರಾಳ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆ ಬಳಕೆ, ಬೇಸಾಯದಂಥ ಕೆಲಸಕ್ಕೆಂದೇ ಮಾಡಿದವನ್ನು ಹೊರಗಿಟ್ಟಿದ್ದಾರೆ. ಸಿನಿಮಾದಲ್ಲಿ ತೋರಿಸುವ ಬಟನ್ ಚಾಕುವಿನ ಸಹವಾಸ ಬೇಡ. ಬೆಂಗಳೂರಿಗೆ ಹೊರಟರೆ ಚಾಕು ಮನೆಯಲ್ಲೇ ಇರಲಿ. ಮೆಟ್ರೊದಲ್ಲಿ ತಡೆಯಬಹುದು, ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ.

ಎರಡನೇ ಚಾಕುವನ್ನು ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡೆ. ಏಳು ಚಾಕು ತೆರೆಸಿ, ಕುಟ್ಟಿ, ಅಲ್ಲಾಡಿಸಿ ನೋಡಿದೆ. “ಹೆಣ್ಮಕ್ಕಳಿಗೆ ಚಾಕು ಯಾಕಮ್ಮ?” ಎಂದು ಅಂಗಡಿಯವರು ಕೇಳಿದರು. ಕರುವಿನ ವಿಷಯ ಹೇಳಿದೆ. ಅವರು ಸುಮ್ಮನಾಗಿ, ಒಳಗಿಂದ ಇನ್ನೂ ಎರಡು ತಂದು ಮುಂದಿಟ್ಟರು. ಅದರಲ್ಲೊಂದನ್ನು 480 ರೂಪಾಯಿಗೆ ತಂದೆ.

ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು ಅನ್ನುತ್ತಾಳೆ ಅವ್ವ. ಹಾಗಾಗಿ ಜಗಲಿ ಮೇಲಿಟ್ಟೆ, ಅಪ್ಪ ಎತ್ತಿಕೊಂಡರು. ಆಮೇಲೆ ಹಳೇ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ, ಎಡಗೈಯಲ್ಲಿ ಬೂಸಾ ಚೀಲ ತಬ್ಬಿಕೊಂಡು ಬಲಗೈಯಲ್ಲಿ ಚಾಕು ತೆರೆಯುವ ಅಭ್ಯಾಸ ಮಾಡಿಸಿದೆ. ಮೊದಲ ದಿನ ಆರನೇ ಸಲಕ್ಕೆ ಬಂತು. ಈಗ ಒಂದೇ ಸಲಕ್ಕೆ ತೆರೆಯುತ್ತಾರೆ. ಹಗ್ಗ ಕೊಯ್ಯುವಾಗ ಅಲಗಿನ ಬೆನ್ನು ಕರುವಿನ ಚರ್ಮದ ಕಡೆಗೆ, ಹರಿತದ ಅಂಚು ಹೊರಗೆ. ಹಗ್ಗದ ಅಡಿಗೆ ತೂರಿಸಿ ಹೊರಕ್ಕೆ ಎಳೆಯಬೇಕು. ಇದನ್ನೂ ಚೀಲದ ಮೇಲೆಯೇ ಕಲಿತೆವು.

ಒಂದು ಮಾತು ಮುಚ್ಚಿಡಬಾರದು. ಹಗ್ಗ ಸುತ್ತಿಕೊಳ್ಳದ ಹಾಗೆ ಕಟ್ಟಿದ್ದರೆ ಅವತ್ತು ಚಾಕುವೇ ಬೇಕಾಗುತ್ತಿರಲಿಲ್ಲ. ಈಗ ಗೂಟದ ಹತ್ತಿರ ಹಗ್ಗಕ್ಕೆ ತಿರುಗುವ ಕೊಂಡಿ ಹಾಕಿದ್ದೇವೆ. ಚರಂಡಿ ಪಕ್ಕ ಕರು ಕಟ್ಟುವುದನ್ನೂ ಬಿಟ್ಟಿದ್ದೇವೆ.

ಹೊಸ ಚಾಕು ಇವತ್ತಿನವರೆಗೆ ಕೊಯ್ದಿರುವುದು ಬೂಸಾ ಚೀಲದ ದಾರ, ಡ್ರಿಪ್ ಪೈಪು, ಸೀಬೆಹಣ್ಣು. ಅಷ್ಟೇ ಕೆಲಸ ಮಾಡಿಕೊಂಡು ಅದು ಹಳೇದಾಗಲಿ ಎಂಬುದೇ ನನ್ನ ಆಸೆ.

ನಿಮ್ಮ ಜೇಬಲ್ಲೂ ಒಂದು ಚಾಕು ಇದ್ದರೆ ಇವತ್ತೇ ತೆಗೆದು ನೋಡಿ. ಒಂದು ಕೈಯಲ್ಲಿ ಏನಾದರೂ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತೆರೆಯಿರಿ. ಬರುತ್ತದಾ?